‘ನೋಡ್ಕೊಂಡು ಕೊಡೋಣ’ ಅನ್ನೋದು ರೇಟಲ್ಲ

ಮದುವೆ ಸೀಸನ್ ಶುರುವಾಗೋ ಮುಂಚೆ ಬರೋ ಫೋನುಗಳೆಲ್ಲ ಒಂದೇ ಥರ. “ಮೇಡಂ, ಈ ಹದಿನಾರು-ಹದಿನೇಳು ಫ್ರೀ ಇದೀರಾ? ಬಸವೇಶ್ವರನಗರದಲ್ಲಿ ಮದುವೆ. ಸೆಕೆಂಡ್ ಕ್ಯಾಂಡಿಡ್‌ಗೆ ಬೇಕಿತ್ತು. ಹೆಣ್ಣಿನ ರೂಮಿಗೆ ಲೇಡಿ ಫೋಟೋಗ್ರಾಫರೇ ಬೇಕು ಅಂತಿದಾರೆ.” ಫ್ರೀ ಇದೀನಿ, ಎಷ್ಟು ಕೊಡ್ತೀರಿ ಅಂತ ಕೇಳಿದರೆ ಆ ಕಡೆಯಿಂದ ಒಂದು ಸಣ್ಣ ನಗು. “ಅಯ್ಯೋ, ನೀವು ಬನ್ನಿ ಮೇಡಂ. ನೋಡ್ಕೊಂಡು ಕೊಡೋಣ.”

ಏನನ್ನ ನೋಡ್ಕೊಂಡು? ನನ್ನ ಫೋಟೋ ನೋಡ್ಕೊಂಡಾ, ನನ್ನ ಮುಖ ನೋಡ್ಕೊಂಡಾ, ಅಥವಾ ಮದುಮಗಳ ಅಪ್ಪ ಕೊನೇ ಕಂತು ಕೊಡುವಾಗ ಎಷ್ಟು ಹಿಡ್ಕೊಂಡರು ಅಂತ ನೋಡ್ಕೊಂಡಾ? ಆರು ವರ್ಷದಿಂದ ಶನಿವಾರ-ಭಾನುವಾರ ಈ ಕೆಲಸ ಮಾಡ್ತಾ ನನಗೆ ಅರ್ಥವಾಗಿರೋದು ಇಷ್ಟು: ಮೂರನೇದೇ ನಿಜ. ಅದರ ವಿರುದ್ಧವೇ ಈ ಬರಹ. ಜೊತೆಗೆ ನನ್ನ ವಿರುದ್ಧವೂ ಸ್ವಲ್ಪ ಇದೆ. ಅದು ಆಮೇಲೆ.

ಮೊದಲು, ಸೆಕೆಂಡ್ ಅಂದ್ರೆ ಯಾರು ಅಂತ ಗೊತ್ತಿಲ್ಲದವರಿಗೆ. ನಿಮ್ಮ ಮದುವೆಯ ಕೊಟೇಷನ್ ತೆಗೆದು ನೋಡಿ. ‘2 ಕ್ಯಾಂಡಿಡ್, 1 ಟ್ರೆಡಿಷನಲ್, 2 ವಿಡಿಯೋ, 1 ಡ್ರೋನ್’ ಅಂತ ಇರುತ್ತೆ. ಆ ಎರಡು ಕ್ಯಾಂಡಿಡ್‌ನಲ್ಲಿ ಒಬ್ಬರು ನೀವು ಇನ್‌ಸ್ಟಾಗ್ರಾಂನಲ್ಲಿ ಹುಡುಕಿ, ಕಾಫಿಗೆ ಕೂತು ಮಾತಾಡಿ, ಬುಕ್ ಮಾಡಿದವರು. ಇನ್ನೊಬ್ಬರನ್ನ ನೀವು ನೋಡೋದು ಛತ್ರದಲ್ಲೇ. ಹೆಸರು ಗೊತ್ತಿರಲ್ಲ. “ಏನಪ್ಪಾ”, “ಏನಮ್ಮಾ”, “ಕ್ಯಾಮೆರಾದವರೇ” ಅಂತ ಕರೀತೀರಿ. ಅವರೇ ನಾವು.

ಎರಡನೆಯವರು ಯಾಕೆ ಬೇಕು ಅನ್ನೋದಕ್ಕೆ ಮುಹೂರ್ತದ ಒಂದು ಕ್ಷಣ ಸಾಕು. ಅಂತರಪಟ ಹಿಡಿದಿದಾರೆ. ಆ ಕಡೆ ಹುಡುಗಿ, ಈ ಕಡೆ ಹುಡುಗ, ಇಬ್ಬರ ಕೈಯಲ್ಲೂ ಜೀರಿಗೆ-ಬೆಲ್ಲ. ಪುರೋಹಿತರು ಸನ್ನೆ ಮಾಡ್ತಾರೆ, ವಾಲಗದವರು ಗಟ್ಟಿಮೇಳ ಶುರು ಮಾಡ್ತಾರೆ, ಪಟ ಕೆಳಗಿಳಿಯುತ್ತೆ. ಇಬ್ಬರೂ ಒಬ್ಬರನ್ನೊಬ್ಬರು ನೋಡೋ ಆ ಒಂದು ಗಳಿಗೆಯಲ್ಲಿ ಎರಡು ಮುಖ ಇವೆ, ಎದುರುಬದುರಾಗಿ. ಎಷ್ಟೇ ದೊಡ್ಡ ಫೋಟೋಗ್ರಾಫರ್ ಆದರೂ ಒಬ್ಬ ಮನುಷ್ಯ ಒಂದೇ ಕಡೆ ನಿಲ್ಲೋಕೆ ಸಾಧ್ಯ. ಆಲ್ಬಂನ ನಡು ಪುಟದಲ್ಲಿ ಎಡಕ್ಕೆ ಅವಳ ಮುಖ, ಬಲಕ್ಕೆ ಅವನ ಮುಖ ಇದ್ದರೆ, ಅದರಲ್ಲಿ ಒಂದು ಸೆಕೆಂಡ್‌ನದು. ಗಟ್ಟಿಮೇಳವನ್ನ ಫೋಟೋಗ್ರಾಫರ್‌ಗೋಸ್ಕರ ಇನ್ನೊಂದು ಸಲ ಬಾರಿಸಲ್ಲ. ಆ ಕ್ಷಣದಲ್ಲಿ ಫಸ್ಟೂ ಇಲ್ಲ, ಸೆಕೆಂಡೂ ಇಲ್ಲ. ತಪ್ಪಿದರೆ ಇಬ್ಬರದ್ದೂ ಒಂದೇ ತಪ್ಪು. ಬೈಗುಳ ಮಾತ್ರ ಸೆಕೆಂಡ್‌ಗೆ ಒಂದು ಕೈ ಹೆಚ್ಚು.

ಈಗ ಗಂಟೆ ಲೆಕ್ಕಕ್ಕೆ ಬರೋಣ, ಯಾಕಂದ್ರೆ ಇದನ್ನ ಓದ್ತಿರೋರಲ್ಲಿ ಬಹಳ ಜನ ಗಂಟೆ ಲೆಕ್ಕದ ಬಗ್ಗೆ ಗಲಾಟೆ ಮಾಡಿದವರೇ. 2024ರ ಜುಲೈನಲ್ಲಿ ಐಟಿ ಕಂಪನಿಗಳಲ್ಲಿ ದಿನಕ್ಕೆ 14 ಗಂಟೆವರೆಗೂ ದುಡಿಸಬಹುದು ಅನ್ನೋ ಪ್ರಸ್ತಾಪ ಸರ್ಕಾರದ ಮುಂದೆ ಬಂದಾಗ ನಾವೆಲ್ಲ ಏನು ಕುಣಿದಾಡಿದ್ವಿ! ನಾನೂ ಕುಣಿದೆ. ಐಟಿ ನೌಕರರ ಸಂಘ ಬೀದಿಗಿಳೀತು, ಮೀಮ್‌ಗಳು ಬಂದವು. ಮುಂದಿನ ವರ್ಷ 12 ಗಂಟೆ ಅಂತ ಇನ್ನೊಂದು ಪ್ರಸ್ತಾಪ ಬಂದಾಗಲೂ ಅಷ್ಟೇ. ಸರಿಯಾಗೇ ಮಾಡಿದ್ವಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ನೇ ಇಸವಿಯದು. ದಿನಕ್ಕೆ 9 ಗಂಟೆ, ವಾರಕ್ಕೆ 48, ಅದರ ಮೇಲೆ ದುಡಿಸಿದರೆ ದುಪ್ಪಟ್ಟು ಅಂತ ಅರುವತ್ತು ವರ್ಷದ ಹಿಂದೆಯೇ ಬರೆದಿಟ್ಟಿದೆ. ಸೆಕೆಂಡ್ ಯಾರ ನೌಕರನೂ ಅಲ್ಲವಾದ್ದರಿಂದ ಆ ಕಾಯ್ದೆ ಅವನ ತನಕ ಬರಲ್ಲ, ಗೊತ್ತು. ಆದರೆ ಒಂದು ದಿನದ ಕೆಲಸ ಅಂದ್ರೆ ಎಷ್ಟು ಅನ್ನೋ ಅಂದಾಜು ನಮಗೆ ಇಲ್ಲದೇ ಏನಿಲ್ಲ.

ನಾನು ಒಂದು ಮದುವೆ ಮಾಡಿದ್ದನ್ನ ಹೇಳ್ತೀನಿ. ರಾಜಾಜಿನಗರದ ಒಂದು ಛತ್ರ, ಡಾ. ರಾಜ್‌ಕುಮಾರ್ ರಸ್ತೆಯಿಂದ ಸ್ವಲ್ಪ ಒಳಗೆ. ಶನಿವಾರ ರಿಸೆಪ್ಷನ್ ಏಳಕ್ಕೆ ಅಂತ ಕಾರ್ಡಿನಲ್ಲಿದ್ದರೂ ನಮ್ಮನ್ನ ಕರೆದಿದ್ದು ನಾಲ್ಕಕ್ಕೆ. ಡೆಕೋರೇಷನ್ ತೆಗೀಬೇಕು, ಹುಡುಗಿ ಮೇಕಪ್ ತೆಗೀಬೇಕು, ಸೀರೆ, ಒಡವೆ, ಬಳೆ ಎಲ್ಲಾ ಬೇರೆ ಬೇರೆ ತೆಗೀಬೇಕು. ಸ್ಟೇಜ್ ಮೇಲಿನ ಕ್ಯೂ ಮುಗಿದಾಗ ಹನ್ನೊಂದು. ಭಾನುವಾರ ಅರಿಶಿನ ಶಾಸ್ತ್ರಕ್ಕೆ ಬೆಳಿಗ್ಗೆ ಐದಕ್ಕೆ ಹಾಜರ್. ಧಾರೆ, ಮಾಂಗಲ್ಯ, ಸಪ್ತಪದಿ, ಆರತಕ್ಷತೆ, ಊಟ, ಬೀಳ್ಕೊಡುಗೆ ಮುಗಿದಾಗ ಮಧ್ಯಾಹ್ನ ಮೂರು. ಆಮೇಲೆ ಕಾರ್ಡುಗಳನ್ನೆಲ್ಲ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡೋಕೆ ಒಂದು ಗಂಟೆ. ನಾಲ್ಕರಿಂದ ನಾಲ್ಕಕ್ಕೆ ಒಟ್ಟು ಇಪ್ಪತ್ತನಾಲ್ಕು ಗಂಟೆ, ಅದರಲ್ಲಿ ಹದಿನೆಂಟು ಗಂಟೆ ಕೆಲಸ. ನಾನಿರೋದು ಕೆಂಗೇರಿ ಉಪನಗರದಲ್ಲಿ. 2021ರಲ್ಲಿ ಮೆಟ್ರೋ ಬಂತು ಅಂತ ಖುಷಿಪಟ್ಟವಳು ನಾನು. ಆದರೆ ರಾತ್ರಿ ಹನ್ನೊಂದು ದಾಟಿದ ಮೇಲೆ ಅದನ್ನ ನೆಚ್ಚಿಕೊಳ್ಳೋ ಹಾಗಿಲ್ಲ, ಭಾನುವಾರ ಬೆಳಿಗ್ಗೆ ಅದು ಶುರುವಾಗೋದೇ ಏಳಕ್ಕೆ. ಹಾಗಾಗಿ ರಾತ್ರಿ ಆಟೋ, ಬೆಳಗಿನ ಜಾವ ಮತ್ತೆ ಆಟೋ. ಹುಡುಗರಾದರೆ ಛತ್ರದಲ್ಲೇ ಜಮಖಾನ ಹಾಸ್ಕೊಂಡು, ಕ್ಯಾಮೆರಾ ಬ್ಯಾಗನ್ನ ತಲೆದಿಂಬು ಮಾಡ್ಕೊಂಡು ಮಲಗ್ತಾರೆ.

ಎಲ್ಲಾ ಸೇರಿ ನನಗೆ ಸಿಕ್ಕಿದ್ದು 3000 ರೂಪಾಯಿ. ಅದೂ ಮದುವೆಯಾಗಿ ಏಳು ವಾರಕ್ಕೆ, ನಾಲ್ಕು ಸಲ ನೆನಪು ಮಾಡಿದ ಮೇಲೆ.

ಮೂರು ಸಾವಿರದಲ್ಲಿ ಓಡಾಟಕ್ಕೆ 800 ಹೋಯ್ತು. ಇನ್ನು ಕ್ಯಾಮೆರಾ. ನನ್ನದು ಸೋನಿ ಎ7 ಥ್ರೀ. ಕೊಂಡಾಗ ಲೆನ್ಸ್ ಬಿಟ್ಟು 1.60 ಲಕ್ಷ. ಅದರ ಶಟರ್‌ಗೆ ಕಂಪನಿ ಹೇಳೋ ಆಯಸ್ಸು ಎರಡು ಲಕ್ಷ ಕ್ಲಿಕ್. ಭಾಗಿಸಿ ನೋಡಿ, ಪ್ರತಿ ಕ್ಲಿಕ್‌ಗೆ 80 ಪೈಸೆ. ಶಟರ್ ಹೋದರೆ ಅದೊಂದನ್ನೇ ಬದಲಾಯಿಸಬಹುದು, ಕೆಲವು ಕ್ಯಾಮೆರಾ ಹೇಳಿದ್ದಕ್ಕಿಂತ ಜಾಸ್ತಿಯೂ ಬಾಳುತ್ತೆ ಅಂತ ನೀವು ಅನ್ನಬಹುದು. ಒಪ್ಪಿದೆ, ಅರ್ಧಕ್ಕೆ ಇಳಿಸೋಣ, 40 ಪೈಸೆ. ಎರಡು ದಿನದಲ್ಲಿ ನಾನು ಹೊಡೆದಿದ್ದು 3500 ಫ್ರೇಮು. ಅಲ್ಲಿಗೆ 1400. ಉಳಿದಿದ್ದು 800 ರೂಪಾಯಿ, ಹದಿನೆಂಟು ಗಂಟೆಗೆ. ಗಂಟೆಗೆ 44 ರೂಪಾಯಿ ಚಿಲ್ಲರೆ. ವಿಜಯನಗರದ ದರ್ಶಿನಿಯಲ್ಲಿ ಆ ದುಡ್ಡಿಗೆ ಒಂದು ಮಸಾಲೆ ದೋಸೆ ಬರಲ್ಲ. ಲೆನ್ಸಿನ ಸವೆತ, ಬ್ಯಾಟರಿ, ಕಾರ್ಡು, ಸೋಮವಾರದ ಸೊಂಟನೋವು ಯಾವುದನ್ನೂ ನಾನಿಲ್ಲಿ ಹಿಡಿದಿಲ್ಲ.

ಸ್ಟುಡಿಯೋದವರು ಇದಕ್ಕೆ ಕೊಡೋ ಉತ್ತರ ನನಗೆ ಗೊತ್ತು, ಅದರಲ್ಲಿ ಅರ್ಧ ನಿಜವೂ ಹೌದು. ಕ್ಲೈಂಟ್ ಹುಡುಕೋದು ಅವರು. ಹತ್ತು ಸಾವಿರ ಫೋಟೋದಲ್ಲಿ ಆರುನೂರು ಆರಿಸಿ, ಬಣ್ಣ ಸರಿ ಮಾಡಿ, ಆಲ್ಬಂ ಡಿಸೈನ್ ಮಾಡಿಸಿ, “ಅತ್ತಿಗೆ ಫೋಟೋ ಕಮ್ಮಿ ಬಂದಿದೆ” ಅನ್ನೋ ಫೋನುಗಳನ್ನ ಮೂರು ತಿಂಗಳು ತಡ್ಕೊಳ್ಳೋದೂ ಅವರೇ. ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ 18 ಪರ್ಸೆಂಟ್ ಜಿಎಸ್‌ಟಿ. ಹಾರ್ಡ್‌ಡಿಸ್ಕ್ ಹೋದರೆ ಉತ್ತರ ಕೊಡಬೇಕಾದವರೂ ಅವರು. ಅದಕ್ಕೇ ಪ್ಯಾಕೇಜಿನಲ್ಲಿ ಇಷ್ಟು ಪರ್ಸೆಂಟ್ ಸೆಕೆಂಡ್‌ಗೆ ಸೇರಬೇಕು ಅಂತ ಕೆಲವು ಗೆಳೆಯರು ಹೇಳೋ ವಾದ ನನಗೆ ಹಿಡಿಸಲ್ಲ. ನಿಮ್ಮ ಪ್ಯಾಕೇಜು ಎಂಟು ಲಕ್ಷದ್ದಾಗಲಿ, ನಿಮಗೆ ಒಳ್ಳೇದಾಗಲಿ. ನನಗೆ ಅದರಲ್ಲಿ ಪಾಲು ಬೇಡ. ಆದರೆ ಲಾಭದಲ್ಲಿ ಪಾಲಿಲ್ಲ ಅಂದಮೇಲೆ ನಷ್ಟದಲ್ಲಿ ಯಾಕೆ ಪಾಲು? ನೀವು ಕ್ಲೈಂಟ್ ಹತ್ರ ಚೌಕಾಸಿಯಲ್ಲಿ ಹದಿನೈದು ಸಾವಿರ ಸೋತು ಬಂದರೆ ಅದು ನಿಮ್ಮ ವ್ಯಾಪಾರ. ಅದನ್ನ ನನ್ನ ಮೂರು ಸಾವಿರದಲ್ಲಿ ಹುಡುಕಬೇಡಿ. “ಪಾರ್ಟಿ ಇನ್ನೂ ಸೆಟ್ಲ್ ಮಾಡಿಲ್ಲ ಮೇಡಂ” ಅನ್ನೋದೂ ಅಷ್ಟೇ. ಪಾರ್ಟಿ ನನ್ನ ಹತ್ರ ಒಪ್ಪಂದ ಮಾಡಿಲ್ಲ, ನೀವು ಮಾಡಿದೀರಿ. ಅದೇ ಛತ್ರದ ಅಡುಗೆ ಕಂಟ್ರಾಕ್ಟರ್ ಬಡಿಸೋ ಹುಡುಗರನ್ನ ಸಾಲಾಗಿ ನಿಲ್ಲಿಸಿ, ಪಾತ್ರೆ ಲಾರಿಗೆ ಏರೋ ಮುಂಚೆ ಕೈಗೆ ದುಡ್ಡು ಕೊಟ್ಟು ಕಳಿಸಿದ್ದನ್ನ ನಾನೇ ನೋಡಿದೀನಿ. ಅವನಿಗೂ ಪಾರ್ಟಿ ಸೆಟ್ಲ್ ಮಾಡಿರಲಿಲ್ಲ.

ಇನ್ನೊಂದು ಮಾತಿದೆ, ಎಲ್ಲಕ್ಕಿಂತ ಸಿಹಿಯಾದದ್ದು. “ನಿಮ್ಮ ಪೋರ್ಟ್‌ಫೋಲಿಯೋಗೆ ಅನುಕೂಲ ಆಗುತ್ತೆ.” ರೇಟ್ ಕೇಳಿದಾಗ ಹೇಳೋ ಮಾತು ಇದು. ಮದುವೆ ಮುಗಿದ ಮಾರನೇ ದಿನ ಬರೋ ಮೆಸೇಜು ಬೇರೆ: “ದಯವಿಟ್ಟು ಯಾವುದನ್ನೂ ಪೋಸ್ಟ್ ಮಾಡಬೇಡಿ, ನಮ್ಮ ಪೇಜಲ್ಲಿ ಬರುತ್ತೆ.” ಪೇಜಲ್ಲಿ ಬಂತು ಕೂಡ. ನನ್ನ ಅಂತರಪಟದ ಫೋಟೋ, ಕೆಳಗೆ ಅವರ ವಾಟರ್‌ಮಾರ್ಕು. ನನ್ನ ಹೆಸರು ಎಲ್ಲೂ ಇಲ್ಲ. ದುಡ್ಡಿನ ಬದಲು ಕೊಡ್ತೀನಿ ಅಂದಿದ್ದನ್ನೂ ಕೊಡಲಿಲ್ಲ ಅಂದ್ರೆ ಇದಕ್ಕೆ ಏನನ್ನಬೇಕು?

ಕಾನೂನು ಏನನ್ನುತ್ತೆ ಅಂದ್ರೆ, 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋದ ಒಡೆತನ ತೆಗೆಸಿದವರದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ. ಅದು 17ನೇ ಕಲಂ. ಹಾಗಾಗಿ ಫೋಟೋ ನನ್ನದು ಅಂತ ನಾನು ಮಾರೋಕೆ ಹೋಗೋ ಹಾಗಿಲ್ಲ. ಆದರೆ ಅದೇ ಕಾಯ್ದೆ, ಫೋಟೋದ ಕರ್ತೃ ಅಂದ್ರೆ ಅದನ್ನ ತೆಗೆದವರು ಅಂತಲೂ ಹೇಳುತ್ತೆ. ಒಡೆತನ ಯಾರಿಗೇ ಹೋದರೂ ಇದು ನಾನು ತೆಗೆದದ್ದು ಅಂತ ಹೇಳಿಕೊಳ್ಳೋ ಹಕ್ಕು ಕರ್ತೃವಿಗೆ ಉಳಿಯುತ್ತೆ ಅನ್ನುತ್ತೆ 57ನೇ ಕಲಂ. ಮದುಮಕ್ಕಳ ಮುಖ ಇರೋ ಫೋಟೋ ಹಾಕೋಕೆ ಅವರ ಅನುಮತಿ ಬೇಕು, ಅದು ನ್ಯಾಯ. ಹೆಸರು ಹಾಕೋಕೆ ಯಾರ ಅನುಮತಿ ಬೇಕು? ‘ಜೊತೆಗೆ ತೆಗೆದವರು’ ಅಂತ ಒಂದು ಸಾಲು ಬರೆದರೆ ನಿಮ್ಮ ಪೇಜು ಸವೆಯಲ್ಲ.

ಸರಿ, ಈಗ ನನ್ನ ಸರದಿ.

ಆರು ವರ್ಷದ ಹಿಂದೆ ನಾನು ಮೊದಲ ಮದುವೆ ಮಾಡಿದ್ದು ಪುಕ್ಕಟೆ. ಎರಡನೇದು, ಮೂರನೇದು 1500ಕ್ಕೆ. ವಾರವಿಡೀ ಔಟರ್ ರಿಂಗ್ ರೋಡಿನ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ, ತಿಂಗಳಿಗೆ ಸಂಬಳ ಬೀಳುತ್ತೆ, ಕ್ಯಾಮೆರಾ ಇಎಂಐ ಅದರಲ್ಲೇ ಹೋಗುತ್ತೆ. ಫೋಟೋಗ್ರಫಿ ನನ್ನ ಪ್ಯಾಷನ್ನು. ದುಡ್ಡಿನ ಮಾತಾಡೋದೇ ಒಂಥರಾ ಕೊಳಕು ಅನ್ನೋ ಹಾಗೆ ಇದ್ದೆ. “ನನಗೆ ದುಡ್ಡು ಮುಖ್ಯ ಅಲ್ಲ ಸರ್, ಕಲೀಬೇಕು” ಅಂತ ಹೇಳಿದ್ದೂ ನೆನಪಿದೆ. ಹೇಳುವಾಗ ಎಷ್ಟು ಹೆಮ್ಮೆ!

ಮೂರನೇ ಮದುವೆಯಲ್ಲಿ ನನ್ನ ಜೊತೆ ಮಾಗಡಿ ಕಡೆಯ ಒಬ್ಬ ಹುಡುಗ ಇದ್ದ. ಅವನಿಗೆ ಇದೇ ಕೆಲಸ, ಬೇರೆ ಇಲ್ಲ. ಸುಂಕದಕಟ್ಟೆಯಲ್ಲಿ ಮೂವರು ಸೇರಿ ರೂಮು ಮಾಡಿದ್ದರು. ನನಗಿಂತ ಎಷ್ಟೋ ಚೆನ್ನಾಗಿ ತೆಗೀತಿದ್ದ. ಜನರ ಮಧ್ಯೆ ನುಸುಳಿ ಹೋಗಿ, ಯಾರಿಗೂ ಗೊತ್ತಾಗದ ಹಾಗೆ ಅಜ್ಜಿ ಕಣ್ಣೊರೆಸಿಕೊಳ್ಳೋದನ್ನ ಹಿಡೀತಿದ್ದ. ಕೊನೇ ಪಂಕ್ತಿಯಲ್ಲಿ ಇಬ್ಬರೂ ಊಟಕ್ಕೆ ಕೂತಾಗ, ಹೋಳಿಗೆ ಮುಗಿದಿತ್ತು, ಅನ್ನ-ಸಾರು ಬಂತು, ತಲೆ ಎತ್ತದೇ ಅಂದ: “ಅಕ್ಕ, ತಪ್ಪು ತಿಳ್ಕೋಬೇಡಿ. ನೀವು ಸಾವಿರದೈನೂರಕ್ಕೆ ಬರ್ತೀರಿ ಅಂತ ಅಣ್ಣ ನಂಗೂ ಅಷ್ಟೇ ಅಂದ್ರು. ಮುಂಚೆ ಎರಡೂವರೆ ಕೊಡ್ತಿದ್ರು.”

ಆ ಮೇಲೆ ಅವನು ಏನೂ ಹೇಳಲಿಲ್ಲ, ಮಜ್ಜಿಗೆ ಕುಡಿದು ಎದ್ದ. ನಾನು ಎಂಜಲು ಕೈಯಲ್ಲಿ ಹಾಗೇ ಕೂತಿದ್ದೆ.

ನನ್ನ ಪ್ಯಾಷನ್ನಿನ ಬೆಲೆ ಸಾವಿರ ರೂಪಾಯಿ, ಅದನ್ನ ಕಟ್ಟಿದ್ದು ಅವನು. ಶನಿವಾರ-ಭಾನುವಾರ ಕ್ಯಾಮೆರಾ ಹಿಡಿಯೋ ಐಟಿಯವರೇ, ಬ್ಯಾಂಕಿನವರೇ, ನಾವು ಉದಾರಿಗಳಲ್ಲ. ನಮ್ಮ ಸಂಬಳದ ಬಲದಿಂದ ಇನ್ನೊಬ್ಬರ ಕೂಲಿ ಇಳಿಸ್ತಾ ಇದೀವಿ. ನಮ್ಮ ಆಫೀಸಿಗೆ ಯಾರೋ ಜಮೀನ್ದಾರರ ಮಗ ಬಂದು “ನನಗೆ ಸಂಬಳ ಬೇಡ, ಕೋಡಿಂಗ್ ಅಂದ್ರೆ ಇಷ್ಟ” ಅಂತ ಕೂತರೆ ನಮಗೆ ಹೇಗಿರುತ್ತೆ? ಅಪ್ರೈಸಲ್ ದಿನ ಮ್ಯಾನೇಜರ್ ಅವನನ್ನ ತೋರಿಸಿ ಮಾತಾಡಿದರೆ?

“ಹೊಸಬರು ಕಲಿಯೋದು ಬೇಡವಾ ಹಾಗಾದ್ರೆ?” ಬೇಕು. ಕಲಿಯೋಕೆ ಬಂದವರು ಕಲಿಯೋಕೇ ಬರಲಿ. ಲೈಟ್ ಹಿಡೀಲಿ, ಲೆನ್ಸ್ ಬದಲಾಯಿಸಿ ಕೊಡಲಿ, ಮೂಲೆಯಲ್ಲಿ ನಿಂತು ತೆಗೀಲಿ. ಅವರಿಗೆ ಓಡಾಟದ ಖರ್ಚು, ಊಟ, ಒಂದಿಷ್ಟು ಕೈಖರ್ಚು ಕೊಟ್ಟರೆ ನನ್ನ ತಕರಾರಿಲ್ಲ. ಆದರೆ ಅವರನ್ನ ಕೊಟೇಷನ್ನಿನ ‘2 ಕ್ಯಾಂಡಿಡ್’ನಲ್ಲಿ ಎರಡನೆಯವರು ಅಂತ ತೋರಿಸಿ ಕ್ಲೈಂಟ್ ಹತ್ರ ಪೂರ್ತಿ ದುಡ್ಡು ತಗೊಂಡ ಮೇಲೆ, ಛತ್ರದಲ್ಲಿ ಮಾತ್ರ ಅವರು ‘ಕಲೀತಿರೋ ಹುಡುಗಿ’ ಆಗೋ ಹಾಗಿಲ್ಲ. ಬಿಲ್ಲಿನಲ್ಲಿ ಫೋಟೋಗ್ರಾಫರ್ ಆದವರು ಸಂಬಳದಲ್ಲೂ ಫೋಟೋಗ್ರಾಫರ್.

ಮಾಗಡಿ ಹುಡುಗನಂಥವರ ವರ್ಷ ಹೇಗಿರುತ್ತೆ ಅನ್ನೋದನ್ನೂ ನೋಡಿ. ಆಷಾಢದಲ್ಲಿ ಮದುವೆ ಇಲ್ಲ. ಪಿತೃಪಕ್ಷದಲ್ಲಿ ಇಲ್ಲ. ಧನುರ್ಮಾಸದಲ್ಲಿ ಇಲ್ಲ. 2024ರಲ್ಲಂತೂ ಶುಕ್ರ, ಗುರು ಎರಡೂ ಅಸ್ತ ಅಂತ ಮೇ-ಜೂನ್ ಪೂರ್ತಿ ಮುಹೂರ್ತವೇ ಇರಲಿಲ್ಲ. ಬೇಸಿಗೆ ರಜೆಯ ಸೀಸನ್ನೇ ಖಾಲಿ. ಇರೋ ಮುಹೂರ್ತಗಳೆಲ್ಲ ಕೆಲವೇ ದಿನಗಳ ಮೇಲೆ ಬಂದು ಬೀಳ್ತವೆ, ಒಂದೇ ಭಾನುವಾರ ಮಾಗಡಿ ರೋಡಿನುದ್ದಕ್ಕೂ ಪ್ರತಿ ಛತ್ರದ ಮುಂದೆ ಬಾಳೆಕಂದು. ಆ ದಿನ ಒಬ್ಬರಿಗೆ ಒಂದೇ ಮದುವೆ ಮಾಡೋಕೆ ಆಗೋದು. ಒಳ್ಳೇ ವರ್ಷದಲ್ಲಿ ನಲವತ್ತು ಮದುವೆ ಸಿಕ್ಕಿತು ಅಂತಿಟ್ಕೊಳ್ಳಿ. ಅದರಲ್ಲೇ ಹನ್ನೆರಡು ತಿಂಗಳ ಬಾಡಿಗೆ.

ನಮ್ಮ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರಿಗೆ ಅಂತ ಒಂದು ಕಾಯ್ದೆ ಮಾಡಿದೆ, ಒಳ್ಳೇದೇ. ಆದರೆ ಅದು ಆ್ಯಪ್ ಮೂಲಕ ಕೆಲಸ ಸಿಗೋರಿಗೆ. ಛತ್ರದ ಬಾಗಿಲಿಗೆ ಪಾರ್ಸಲ್ ತರೋ ಹುಡುಗ ಅದರೊಳಗೆ ಬರ್ತಾನೆ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ “ಅರ್ಜೆಂಟ್, ಸಂಡೇ, ಸೆಕೆಂಡ್ ಬೇಕು” ಅನ್ನೋದನ್ನ ನೋಡಿ ಬಂದ ನಾವು ಬರಲ್ಲ. ಕರಾವಳಿಯಲ್ಲಿ ಸೌತ್ ಕೆನರಾ ಫೋಟೋಗ್ರಾಫರ್ಸ್ ಅಸೋಸಿಯೇಷನ್ ಅಂತ ಇದೆ, ವಲಯಗಳಾಗಿ ಸಂಘಟಿತರಾಗಿದಾರೆ. ಬೆಂಗಳೂರಲ್ಲೂ ಸಂಘಗಳಿಲ್ಲ ಅಂತಲ್ಲ, ಆದರೆ ನಾನು ಕಂಡ ಸೆಕೆಂಡ್‌ಗಳಲ್ಲಿ ಒಬ್ಬರೂ ಯಾವುದಕ್ಕೂ ಮೆಂಬರ್ ಅಲ್ಲ. ಇನ್ನು ಕಂಠೀರವ ಸ್ಟುಡಿಯೋ ನಮ್ಮ ಪಕ್ಕದಲ್ಲೇ ಇದೆ. ಸಿನಿಮಾದ ಲೈಟ್ ಹುಡುಗರ ಬಾಯಲ್ಲಿ ಎರಡು ಪದ ಕೇಳಿದೀನಿ: ಕಾಲ್‌ಶೀಟು, ಬಾಟಾ. ಎಷ್ಟು ಹೊತ್ತಿಗೆ ಕೆಲಸ ಒಂದು ದಿನ ಅನ್ನಿಸಿಕೊಳ್ಳುತ್ತೆ ಅನ್ನೋದಕ್ಕೆ ಒಂದು ಪದ, ಊಟ-ಓಡಾಟಕ್ಕೆ ಇನ್ನೊಂದು. ನಮ್ಮ ಹತ್ರ ಇರೋದು ‘ನೋಡ್ಕೊಂಡು ಕೊಡೋಣ’.

ಈಗ ನಾನು ಫೋನು ಬಂದ ಕೂಡಲೇ ಒಂದು ಮೆಸೇಜ್ ಕಳಿಸ್ತೀನಿ. ಎಂಟು ಗಂಟೆಗೆ ಒಂದು ಕಾಲ್, ನನ್ನ ಕ್ಯಾಮೆರಾ ಸೇರಿ 5000. ರಿಸೆಪ್ಷನ್ ಒಂದು, ಮುಹೂರ್ತ ಒಂದು. ಒಟ್ಟು ಹದಿನಾರು ಗಂಟೆ ದಾಟಿದರೆ ಗಂಟೆಗೆ 800. ರಾತ್ರಿ ಹತ್ತರ ಮೇಲೆ, ಬೆಳಿಗ್ಗೆ ಆರರ ಒಳಗೆ ಓಡಾಟದ ಖರ್ಚು ನಿಮ್ಮದು. ಅರ್ಧ ಮುಂಗಡ, ಉಳಿದಿದ್ದು ಕಾರ್ಡ್ ಕಾಪಿ ಮಾಡಿದ ದಿನ. ಊಟ ನಡು ಪಂಕ್ತಿಯಲ್ಲಿ, ಇಬ್ಬರೂ ಸರದಿ ಮೇಲೆ. ಹೆಸರು ಹಾಕಬೇಕು.

ಇದು ದುರಾಸೆ ಅನ್ನೋರಿಗೆ ಅದೇ ರಾಜಾಜಿನಗರದ ಮದುವೆಯ ಲೆಕ್ಕ ತೋರಿಸ್ತೀನಿ. ಹದಿನೆಂಟು ಗಂಟೆಗೆ 11,600 ಆಗುತ್ತೆ. ಕ್ಯಾಮೆರಾ ಸವೆತ 1400 ಕಳೆದರೆ 10,200. ನಲವತ್ತು ಮದುವೆಗೆ ವರ್ಷಕ್ಕೆ ನಾಲ್ಕು ಲಕ್ಷದ ಎಂಟು ಸಾವಿರ, ತಿಂಗಳಿಗೆ 34,000. ಅದರಲ್ಲಿ ಲೆನ್ಸು, ರಿಪೇರಿ, ರೂಮ್ ಬಾಡಿಗೆ, ಊರಿಗೆ ಕಳಿಸೋದು. ಇದು ಅತಿಯಾಯ್ತು ಅನ್ನೋರು ತಮ್ಮ ಟೀಮಿಗೆ ಬಂದ ಫ್ರೆಶರ್‌ಗೆ ಎಷ್ಟು ಕೊಡ್ತಾರೆ ಅಂತ ಎಚ್ಆರ್ ಹತ್ರ ಕೇಳ್ಕೊಂಡು ಬರಲಿ. ನಾನು ಸಂಬಳದವಳು, ನನಗೆ ಕಮ್ಮಿಯಾದರೂ ನಡೆಯುತ್ತೆ. ನಡೆಯುತ್ತೆ ಅನ್ನೋ ಕಾರಣಕ್ಕೇ ನಾನು ಇಳಿಸಲ್ಲ.

ಮದುವೆಯಾಗೋರಿಗೆ ಒಂದು ಮಾತು. ಸ್ಟುಡಿಯೋ ಜೊತೆ ಮಾತಾಡುವಾಗ ಡ್ರೋನ್ ಇದೆಯಾ, ರೀಲ್ಸ್ ಎಷ್ಟು, ಆಲ್ಬಂ ಎಷ್ಟು ಶೀಟು ಅಂತ ಅರ್ಧ ಗಂಟೆ ಕೇಳ್ತೀರಿ. ಅದರ ಜೊತೆ ಎರಡನೆಯವರು ಯಾರು, ಅವರಿಗೆ ಎಷ್ಟು ಕೊಡ್ತೀರಿ ಅಂತಲೂ ಕೇಳಿ. ಉತ್ತರ ತಡವರಿಸಿದರೆ ನಿಮಗೆ ಗೊತ್ತಾಗುತ್ತೆ. ಕೊನೆಗೆ “ಇನ್ನೊಂದು ಹತ್ತು ಕಮ್ಮಿ ಮಾಡ್ಕೊಳ್ಳಿ ಸರ್” ಅಂತ ನಗ್ತಾ ಕೇಳ್ತೀರಲ್ಲ, ಆ ಹತ್ತು ಎಲ್ಲಿಂದ ಬರುತ್ತೆ ಅಂತಲೂ ಕೇಳಿ.

ಹೋದ ವಾರ ಕೆಂಗೇರಿಯ ಒಂದು ಮದುವೆಗೆ ಅಂತ ಫೋನ್ ಬಂದಿತ್ತು, ನನ್ನ ಮನೆಯಿಂದ ನಡೆದು ಹೋಗೋ ದೂರ. ಮೆಸೇಜ್ ಕಳಿಸಿದೆ. ಎರಡು ನೀಲಿ ಟಿಕ್ ಬಂತು. “ಅಮೌಂಟ್ ಸ್ವಲ್ಪ ಜಾಸ್ತಿ ಆಯ್ತು ಮೇಡಂ, ಕೇಳಿ ಹೇಳ್ತೀನಿ” ಅಂದರು. ಯಾರನ್ನ ಕೇಳ್ತಾರೋ. ನಾನು ಸುಂಕದಕಟ್ಟೆಯ ಹುಡುಗನಿಗೆ ಫೋನ್ ಮಾಡಿದೆ. ಅವನು ಈಗ ಇನ್ನಿಬ್ಬರು ಸೆಕೆಂಡ್‌ಗಳನ್ನ ಸೇರಿಸ್ಕೊಂಡು ಇದೇ ರೇಟಿನ ಮೆಸೇಜನ್ನ ಕನ್ನಡದಲ್ಲಿ ಟೈಪ್ ಮಾಡಿ ಇಟ್ಕೊಂಡಿದಾನೆ. “ನಂಗೂ ಬಂದಿತ್ತು ಅಕ್ಕ ಅದೇ ಮದುವೆ, ಬೆಳಿಗ್ಗೆ. ನಾನೂ ಐದೇ ಹೇಳಿದೀನಿ,” ಅಂದ.